ಬಾಯಿಗೆ ಕೂಲಿ

ಎಂಟು ಜನ ದಿಮ್ಮಿ ಎತ್ತುತ್ತಿದ್ದರು, ಒಬ್ಬ ಕೂಗುತ್ತಿದ್ದ. ಹಾಜರಿ ಪುಸ್ತಕದಲ್ಲಿ ಒಂಬತ್ತೂ ಜನಕ್ಕೆ ಒಂದೇ ಕೂಲಿ. ನಂಜುಂಡಸ್ವಾಮಿ ಇನ್ನೊಮ್ಮೆ ಎಣಿಸಿದ, ಈ ಸಲ ಬೆರಳು ಮಡಿಸಿ, ಎಣಿಕೆ ಬದಲಾಗಲಿಲ್ಲ. ಕಾಕನಕೋಟೆಯ ಕಾಡಂಚಿನಲ್ಲಿ ಮರದ ದಿಮ್ಮಿ ಕೂಡಿಡುವ ಈ ಸರ್ಕಾರಿ ನಾಟಾ ಡಿಪೋಗೆ ಬಂದು ಕೂತು ಇನ್ನೂ ಕಾಲು ಗಂಟೆಯಾಗಿರಲಿಲ್ಲ, ತಾನು ಹುಡುಕಿಕೊಂಡು ಬಂದದ್ದು ಕಣ್ಣೆದುರಿಗೇ ಮುಂಡಾಸು ಸುತ್ತಿಕೊಂಡು, ಕೈ ಬೀಸಿ ಬೀಸಿ ಹಾಡುತ್ತ ನಿಂತಿತ್ತು. ಸಂತೋಷವಾಗಬೇಕಾಗಿತ್ತು. ಆಯಿತು ಕೂಡ. ಆದರೆ ಸಂತೋಷದ ಬೆನ್ನಿಗೇ ಒಂದು ಹುಳಿತೇಗು ಬಂತು. ಬೆಳಿಗ್ಗೆ ತಿಂದ ಅವಲಕ್ಕಿ ಹಳೆಯದಿರಬೇಕು ಎಂದುಕೊಂಡ. ಒಂದು ತಿಂಗಳಿಂದ ಅವನ ಹೊಟ್ಟೆ ಎಲ್ಲ ಊರಿನ ಅವಲಕ್ಕಿಯ ಮೇಲೂ ಇದೇ ದೂರು ಹೇಳುತ್ತಿತ್ತು.

ಅದು ಮೂವತ್ತೆರಡನೆಯ ಇಸವಿ. ಪೇಟೆಯಲ್ಲಿ ರಾಗಿಯ ಬೆಲೆ ಬಿದ್ದು, ಕಂದಾಯ ಬಿದ್ದು, ಕೊನೆಗೆ ಸರ್ಕಾರದ ಮುಖವೂ ಬಿದ್ದುಹೋಗಿ, ಮೈಸೂರಿನ ಕಚೇರಿಗಳಲ್ಲಿ ‘ಖರ್ಚು ಕಡಿತ’ ಎಂಬ ಮಾತನ್ನು ಜನ ಕೆಮ್ಮಿದಷ್ಟು ಸಲೀಸಾಗಿ ಆಡುತ್ತಿದ್ದರು. ಖರ್ಚು ಕಡಿಮೆ ಮಾಡುವುದಕ್ಕೆಂದೇ ಒಂದು ಹೊಸ ಕಚೇರಿ ತೆರೆದಿದ್ದರು. ಅದಕ್ಕೆ ಹೊಸ ಮೇಜು, ಹೊಸ ಬೀರು, ಮೂರು ಜನ ಹಂಗಾಮಿ ಪರಿಶೀಲಕರು. ಆ ಮೂವರಲ್ಲಿ ನಂಜುಂಡಸ್ವಾಮಿಯೂ ಒಬ್ಬ. ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ, ಮೂರನೆಯ ಸಲ ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಮೊದಲಿನ ಜಾಗಕ್ಕೆ ಹೋಗಿ ಕೂರುವ ಒಂದು ಗಡಿಯಾರವನ್ನು ಅವನಿಂದ ರುಜು ಹಾಕಿಸಿಕೊಂಡು ಕೊಟ್ಟಿದ್ದರು. ‘ಕೆಲಸದ ಕಾಲ ಅಳೆಯಿರಿ, ಕೂಲಿಯಿಂದ ಗುಣಿಸಿ, ಬಂದದ್ದನ್ನು ಬರೆಯಿರಿ. ಅಳತೆಗೆ ಸಿಕ್ಕದ್ದು ನಮಗೆ ಬೇಡ’ ಎಂದಿದ್ದರು ಸೂಪರಿಂಟೆಂಡೆಂಟರು. ಆಮೇಲೆ ನಶ್ಯದ ಡಬ್ಬಿ ಮುಚ್ಚುತ್ತ, ನಗುತ್ತಲೇ, ‘ಒಂದು ತಲೆಯನ್ನಾದರೂ ಇಳಿಸದ ವರದಿ ನನ್ನ ಮೇಜಿಗೆ ಬಂದರೆ, ಇಳಿಸಬೇಕಾದ ತಲೆ ಯಾವುದು ಅಂತ ನನಗೆ ತಾನಾಗಿ ಗೊತ್ತಾಗಿಬಿಡುತ್ತೆ ನಂಜುಂಡಸ್ವಾಮಿ’ ಎಂದೂ ಹೇಳಿದ್ದರು. ಅವನೂ ನಕ್ಕಿದ್ದ. ನಗುವಾಗ ಕೈ ತಾನಾಗಿ ಹೋಗಿ ತಲೆ ಮುಟ್ಟಿ ಬಂದಿತ್ತು. ಗಡಿಯಾರ ಬಂದ ಹೊಸದರಲ್ಲಿ ಅವನಿಗೆ ಅದರ ಹುಚ್ಚೇ ಹಿಡಿದು, ಹೆಂಡತಿ ಸುನಂದಮ್ಮ ದೋಸೆ ಹುಯ್ಯುವಾಗ ಪಕ್ಕದಲ್ಲಿ ಕೂತು ಅಳೆದು, ಒಂದು ದೋಸೆಗೂ ಇನ್ನೊಂದು ದೋಸೆಗೂ ನಡುವೆ ಮುಕ್ಕಾಲು ನಿಮಿಷ ನೀನು ಸುಮ್ಮನೆ ಇರುತ್ತೀಯ ಎಂದಿದ್ದ. ಅವಳು ಮೊಗಚೆಕಾಯಿ ಕೆಳಗಿಟ್ಟು, ‘ಆ ಮುಕ್ಕಾಲು ನಿಮಿಷ ದೋಸೆ ಬೇಯುತ್ತೆ. ನಾನೂ ಬೇಯಬೇಕಾಗಿತ್ತಾ?’ ಎಂದಿದ್ದಳು. ಈಗ ಏಳು ತಿಂಗಳ ಬಸುರಿ, ಕೃಷ್ಣರಾಜನಗರದ ತವರಿನಲ್ಲಿದ್ದಾಳೆ. ಕಳಿಸಲು ಹೋದಾಗ ಗಾಡಿಯ ಒಳಗಿಂದ ಬಗ್ಗಿ, ‘ನೀವು ಗಡಿಯಾರ ಹಿಡ್ಕೊಂಡು ಕೂತ್ರೂ ಇದಕ್ಕೆ ಒಂಬತ್ತು ತಿಂಗಳೇ ಬೇಕು’ ಎಂದು ಕಣ್ಣು ಮಿಟುಕಿಸಿದ್ದಳು. ಕೆಲಸ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದು ಬಿಡುವುದು ಸೂಪರಿಂಟೆಂಡೆಂಟರ ಕೈಲಿದೆ ಎಂಬುದನ್ನು ಅವನು ಅವಳಿಗೆ ಇನ್ನೂ ಹೇಳಿರಲಿಲ್ಲ.

ಡಿಪೋ ರೈಟರು ಚಲುವಯ್ಯ ಬೆಳಿಗ್ಗೆಯೇ ಹಾಜರಿ ಪುಸ್ತಕವನ್ನೂ ಒಂದು ಮುರುಕು ಸ್ಟೂಲನ್ನೂ ಕೊಟ್ಟು, ಅಂತರಸಂತೆಯ ಸಂತೆಗೆ ಹೊರಟುಹೋಗಿದ್ದ. ಒಳ್ಳೆಯದೇ ಆಯಿತು, ಸ್ಥಳೀಯ ನೌಕರರು ಹತ್ತಿರವಿದ್ದರೆ ಅಳತೆ ಕೆಡುತ್ತದೆ. ಕೆಲಸ ಸರಳವಾದದ್ದು. ದಿಮ್ಮಿಯ ಅಡಿಯಿಂದ ನಾಲ್ಕು ಕಡೆ ಹಗ್ಗ ಹಾಯಿಸಿ, ಕುಣಿಕೆಗೆ ಗಟ್ಟಿ ಮರದ ಗಳು ತೂರಿಸಿ, ಗಳುವಿನ ಆ ತುದಿಗೊಬ್ಬ ಈ ತುದಿಗೊಬ್ಬ ಹೆಗಲು ಕೊಟ್ಟು ಎದ್ದರೆ ಎಂಟು ಜನ ಆಯಿತು. ರಾಶಿಯಿಂದ ಗಾಡಿಯವರೆಗೆ ಅರವತ್ತು ಹೆಜ್ಜೆ, ಅಲ್ಲಿ ಹಲಗೆಯ ಏರು, ಗಾಡಿಯ ಮೇಲೆ ಇಳಿಸಿದರೆ ಮುಗಿಯಿತು. ಮತ್ತಿ ದಿಮ್ಮಿ, ಒಳ್ಳೆ ಎಮ್ಮೆಯಷ್ಟು ತೂಕ. ಕೂಗುವವನು ದೊಡ್ಡಮಾದಯ್ಯ; ಅರವತ್ತು ದಾಟಿದೆ, ತೆಳ್ಳಗೆ ಬಿದಿರು ಕಡ್ಡಿಯಂಥ ಆಳು, ದನಿ ಮಾತ್ರ ಹೊಳೆಯಾಚೆಗೂ ಕೇಳಬೇಕು. ಅವನು ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ, ಒಂದು ಬೆರಳನ್ನೂ ದಿಮ್ಮಿಗೆ ತಾಗಿಸದೆ.

‘ಬಂದಾಳೋ ಬಂದಾಳೋ,’ ಎಂದರೆ ಎಂಟು ಜನ ‘ಐಸ!’ ಎನ್ನುವರು. ‘ದಪ್ಪಾನೆ ಮದುವಣಗಿತ್ತಿ,’ ‘ಐಸ!’ ‘ಅಂಕಣ್ಣನ ಎಡಗಾಲ,’ ‘ಐಸ!’ ‘ಮುಟ್ಬ್ಯಾಡ ಅಂತಾಳೋ,’ ‘ಐಸ!’ ಅಂಕಯ್ಯ ಎಂಬವನು ಹೊತ್ತ ಭಾರದ ಅಡಿಯಲ್ಲೇ ಕಿಸಕ್ಕನೆ ನಕ್ಕು ಎಡಗಾಲನ್ನು ಅಷ್ಟು ಆಚೆಗೆ ಇಟ್ಟ. ‘ದೇವ್ರಾಜ ಬಾವಂಗೆ,’ ‘ಐಸ!’ ‘ಸೊಂಟಾನೆ ಬಗ್ಗಾಕಿಲ್ವೋ,’ ‘ಐಸ!’ ನಂಜುಂಡಸ್ವಾಮಿ ಗುಂಡಿ ಒತ್ತಿ ನೋಡಿದ. ನಾಲ್ಕೂಕಾಲು ನಿಮಿಷ. ಬರೆದುಕೊಂಡ. ಷರಾ ಎಂಬ ಅಂಕಣದಲ್ಲಿ ‘ಪೋಲಿ ಪದಗಳು’ ಎಂದು ಬರೆದು, ಅದು ಖರ್ಚಿಗೆ ಸಂಬಂಧಿಸಿದ್ದಲ್ಲವೆಂದು ಹೊಡೆದುಹಾಕಿದ. ಪದ ಮಾತ್ರ ಕಿವಿಯಿಂದ ಹೋಗಲಿಲ್ಲ. ಅವನ ಪಾದವೇ ಸ್ಟೂಲಿನ ಕಾಲಿಗೆ ತಟ್ಟತೊಡಗಿತ್ತು. ನೋಡಿಕೊಂಡು ನಿಲ್ಲಿಸಿದ. ಹಾಗೆ ಕಾಲು ನಿಂತ ಗಳಿಗೆಯಲ್ಲೇ ಅವಳು ನೆನಪಿನಿಂದ ಎದ್ದು ಬಂದು ಎದುರಿಗೆ ಕೂತಳು, ಆಸ್ಪತ್ರೆಯ ಚಿಕ್ಕಸಿದ್ದಮ್ಮ. ಹೋದ ತಿಂಗಳು ಬೇರೊಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಅವನು ಎರಡು ದಿನ ಅಳೆದಿದ್ದ. ಅವಳು ಬಾವಿಯಿಂದ ನಲವತ್ತು ಕೊಡ ನೀರು ಸೇದುತ್ತಿದ್ದಳು, ಅದು ಎರಡು ಗಂಟೆಯ ಕೆಲಸ. ಕಸ ಗುಡಿಸುವುದು ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಯಾವುದಾದರೊಂದು ಮಂಚದ ಪಕ್ಕ ಕೂತಿರುತ್ತಿದ್ದಳು. ಕೂತಿರುವುದಕ್ಕೆ ಅವನ ಹಾಳೆಯಲ್ಲಿ ಅಂಕಣವಿರಲಿಲ್ಲ. ನೀರನ್ನು ತೋಟಿಯೇ ಸೇದಬಹುದು ಎಂದು ಬರೆದ, ಎಂಟು ದಿನದಲ್ಲಿ ಆರ್ಡರು ಬಂತು. ಅದೇ ಊರಿನಲ್ಲಿ ಇನ್ನೊಂದು ಕಚೇರಿಯ ಅಳತೆ ಮುಗಿಸಿ ಅವನು ಬಸ್ಸಿಗೆ ಕಾಯುತ್ತಿದ್ದಾಗ ಅವಳು ಹುಡುಕಿಕೊಂಡು ಬಂದು, ಅಳುವುದೂ ಇಲ್ಲ ಬೈಯುವುದೂ ಇಲ್ಲ, ‘ಬುದ್ಧಿ, ನಾ ಏನ್ ತಪ್ ಮಾಡ್ದೆ, ಅದೊಂದ್ ಏಳ್ಬುಡಿ’ ಎಂದಳು. ‘ತಪ್ಪಲ್ಲಮ್ಮ, ಹೆಚ್ಚುವರಿ’ ಎಂದ. ಅವಳಿಗೆ ಆ ಮಾತು ತಿಳಿಯಲಿಲ್ಲ. ‘ಅಂಗಂದ್ರೆ?’ ಎಂದಳು. ಬಸ್ಸು ಬಂತು. ಅವನು ಹತ್ತಿದ. ಅದಾದ ಮೇಲೆ ಅವನಿಗೆ ಅವಲಕ್ಕಿ ಸರಿಹೋಗುತ್ತಿರಲಿಲ್ಲ.

ಅದಕ್ಕೇ ಈ ಸಲ ಒಂದು ಪಕ್ಕಾ ಅಳತೆ ಬೇಕಾಗಿತ್ತು, ಯಾರು ಕೇಳಿದರೂ ಎದುರಿಗೆ ಹಿಡಿದು ತೋರಿಸುವಂಥದು. ತನ್ನ ಮನಸ್ಸಿನ ಮೇಲೆ ಭಾರ ಬೀಳಬಾರದು, ಅಂಕಿಯ ಮೇಲೆ ಬೀಳಬೇಕು. ಅವನು ದೊಡ್ಡಮಾದಯ್ಯನನ್ನು ಕರೆದ.

‘ಮಾದಯ್ಯ, ಮುಂದಿನ ದಿಮ್ಮಿಗೆ ನೀನು ಕೂಗಬಾರದು. ಬಾಯಿ ಮುಚ್ಚಿಕೊಂಡು ಆಚೆ ನಿಂತಿರು. ನೀನಿಲ್ಲದೆ ಅವರು ಎಷ್ಟು ಹೊತ್ತಿಗೆ ಎತ್ತುತ್ತಾರೆ ಅಂತ ನೋಡಬೇಕು.’

ಮುದುಕ ಮುಂಡಾಸು ಸರಿಮಾಡಿಕೊಂಡು ಒಂದು ಗಳಿಗೆ ಯೋಚಿಸಿದ. ಮುಖದ ಮೇಲೆ ಮೊದಲು ಗಾಬರಿ ಬಂತು. ಆಮೇಲೆ ನಿಧಾನವಾಗಿ, ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಮೇಷ್ಟರ ಮುಖದಲ್ಲಿ ಕಾಣುವಂಥ ಒಂದು ಬಿಗಿ ಬಂತು.

‘ಅಂದ್ರೆ, ನಮ್ ಐಕ್ಳು ಕಲ್ತವ್ರೋ ಇಲ್ವೋ ಅಂತ ಪರೀಕ್ಸೆ ಮಾಡ್ತೀರಿ.’

‘ಹಾಗೇ ಅಂದುಕೋ.’

‘ಮಾಡಿ ಬುದ್ಧಿ, ಮಾಡಿ. ಇಪ್ಪತ್ತೊರ್ಸದಿಂದ ತೀಡಿವ್ನಿ ಈ ಕತ್ತೆಗೋಳ್ನ. ಇಲ್ಲೀಗಂಟ ಯಾವ ಸಾಯೇಬ್ರೂ ಕೇಳಿರ್ನಿಲ್ಲ ಕಣ್ ಬುದ್ಧಿ, ಕಲ್ತವ್ರಾ ಅಂತ.’ ಅವನ ಕಣ್ಣು ತುಂಬಿದಂತೆ ಕಂಡಿತು. ಆಳುಗಳ ಕಡೆ ತಿರುಗಿ, ‘ಲೇ ಅಂಕ, ಲೇ ದೇವ್ರಾಜ, ಎಲ್ರೂ ಬನ್ರಿ ಇಲ್ಲಿ. ಪರೀಕ್ಸೆ ಕಣ್ರಲಾ! ನನ್ ಮಾನ ನಿಮ್ ಹೆಗಲ್ ಮ್ಯಾಲದೆ’ ಎಂದ. ಆಮೇಲೆ ರಾಶಿಯಿಂದ ಗಾಡಿಯವರೆಗಿನ ದಾರಿಯಲ್ಲಿ ಮೆಲ್ಲಗೆ ನಡೆದು ಹೋದ, ಅಲ್ಲಲ್ಲಿ ಬಗ್ಗಿ ನೆಲ ಮುಟ್ಟುತ್ತ. ಭೂಮಿಗೆ ನಮಸ್ಕಾರ ಮಾಡುತ್ತಿದ್ದಾನೆ ಎಂದುಕೊಂಡ ನಂಜುಂಡಸ್ವಾಮಿ. ಹಳ್ಳಿಯವರ ಇಂಥ ಭಕ್ತಿಗೆಲ್ಲ ಎಷ್ಟು ಹೊತ್ತು ಹೋಗುತ್ತದೆಂಬುದನ್ನೂ ಅಳೆಯಬಹುದಲ್ಲ ಎಂಬ ತುಂಟ ಯೋಚನೆಯೂ ಬಂತು.

ಎಂಟು ಜನ ಹೆಗಲು ಕೊಟ್ಟರು. ಯಾರೂ ಕೂಗಲಿಲ್ಲ. ಅಂಥ ನಿಶ್ಶಬ್ದವನ್ನು ಆ ಡಿಪೋ ಕಂಡಿರಲಿಲ್ಲವೋ ಏನೋ, ಗಾಡಿಗೆ ಕಟ್ಟಿದ್ದ ಎತ್ತುಗಳು ಕಿವಿ ನಿಮಿರಿಸಿ ನೋಡಿದವು. ಎಂಟು ಜನರ ಉಸಿರು ಒಟ್ಟಿಗೆ ಒಳಗೆ ಹೋಯಿತು, ದಿಮ್ಮಿ ಎದ್ದಿತು. ಹದಿನಾರು ಕಾಲು ಒಬ್ಬನ ಕಾಲುಗಳ ಹಾಗೆ ನಡೆದವು. ಅಂಕಯ್ಯನಂಥ ಅಂಕಯ್ಯನೂ ನಗಲಿಲ್ಲ. ದೊಡ್ಡಮಾದಯ್ಯ ದೂರದಲ್ಲಿ ಒಂದು ಹೊನ್ನೆ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಬಾಯಿ ಮುಚ್ಚಿತ್ತು, ಗಂಟಲ ಗಂಟು ಮಾತ್ರ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ದಿಮ್ಮಿ ಗಾಡಿಯ ಮೇಲೆ ಕೂತಾಗ ನಂಜುಂಡಸ್ವಾಮಿ ಗುಂಡಿ ಒತ್ತಿದ. ಮೂರು ನಿಮಿಷ ಐವತ್ತು ಸೆಕೆಂಡು. ಕೂಗುವವನು ಇದ್ದಾಗಿನದಕ್ಕಿಂತ ಇಪ್ಪತ್ತೈದು ಸೆಕೆಂಡು ಕಡಿಮೆ.

‘ಎಷ್ಟಾಯ್ತು ಬುದ್ಧಿ?’ ಮುದುಕ ಓಡಿಕೊಂಡೇ ಬಂದಿದ್ದ.

‘ನಾಲ್ಕಕ್ಕೂ ಕಡಿಮೆ. ನೀನು ಕೂಗಿದ್ದಕ್ಕಿಂತ ಬೇಗ.’

‘ಕೇಳುದ್ರಾ? ಕೇಳುದ್ರೇನ್ರಲಾ!’ ಮುದುಕ ಕುಣಿಯುವುದೊಂದು ಬಾಕಿ. ‘ನನಗಿಂತ ಜೋರು! ಗುರೂನೇ ಮೀರುಸ್ಬುಟ್ರು ನನ್ ಮಕ್ಳು! ಲೇ ಯಾರಾದ್ರೂ ಓಗಿ ಪುಟ್ಟಸಿದ್ದಿಗೆ ಏಳ್ರಿ, ಬೆಲ್ಲ ತಕ್ಕೊಂಡ್ ಬರ್ಲಿ!’ ಅವನು ಒಬ್ಬೊಬ್ಬನ ಬೆನ್ನಿಗೂ ಗುದ್ದುತ್ತ ಹೋದ. ನಂಜುಂಡಸ್ವಾಮಿ ಪೆನ್ಸಿಲು ಹಿಡಿದುಕೊಂಡು ಕೂತಿದ್ದ. ಅಳತೆ ಪಕ್ಕಾ ಆಗಿತ್ತು. ಇದಕ್ಕಿಂತ ಪಕ್ಕಾ ಅಳತೆ ಸೂಪರಿಂಟೆಂಡೆಂಟರು ಕನಸಿನಲ್ಲೂ ಕಂಡಿರಲಾರರು. ಕೆಲಸ ಕಳೆದುಕೊಳ್ಳಲಿರುವವನೇ ಆ ಸಂತೋಷಕ್ಕೆ ಬೆಲ್ಲ ಹಂಚಿಸುತ್ತಿದ್ದ.

ದೊಡ್ಡಮಾದಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಬಂದದ್ದು ಮಧ್ಯಾಹ್ನದ ಹಿಟ್ಟಿನ ಹೊತ್ತಿಗೆ, ತಲೆಯ ಮೇಲೆ ಕುಕ್ಕೆ, ಸೆರಗಿನ ಗಂಟಿನಲ್ಲಿ ಬೆಲ್ಲ. ಎಲ್ಲರಿಗೂ ಒಂದೊಂದು ಚೂರು ಕೊಟ್ಟು, ನಂಜುಂಡಸ್ವಾಮಿಯ ಹತ್ತಿರ ಬಂದು ನಿಂತಳು. ಅವನ ಕೈ ಮುಂದೆ ಬರಬೇಕಾಗಿತ್ತು. ಬಂತು, ಆದರೆ ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣವನ್ನು ಅವಳು ಅವನಿಗಿಂತ ಮೊದಲೇ ಅಳೆದುಬಿಟ್ಟಿದ್ದಳು. ‘ಮರದ್ ಮ್ಯಾಲೆ ಮಡಗಿವ್ನಿ ಬುದ್ಧಿ’ ಎಂದು ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಪಕ್ಕದ ದಿಮ್ಮಿಯ ಮೇಲಿಟ್ಟು, ಏನೂ ಆಗದವಳಂತೆ, ‘ಮನೇಲಿ ಅಮ್ಮಾವ್ರು ಸಂದಾಕವ್ರಾ?’ ಎಂದು ಕೇಳಿದಳು. ಮುಖ ಸುಟ್ಟಂತಾಗಿ ಅವನು ಬೇಕಾಗಿದ್ದಕ್ಕಿಂತ ಹೆಚ್ಚು ಮಾತಾಡಿದ. ಹೆಂಡತಿ ಬಸುರಿ ಎಂದ, ಏಳು ತಿಂಗಳು ಎಂದ, ಚೊಚ್ಚಲು ಎಂದ. ‘ಉಣಿಸೇ ಹಣ್ಣು ಆಸೆ ಪಟ್ರೆ ಕೊಡ್ಸಿ, ಇಲ್ಲ ಅನ್ಬ್ಯಾಡಿ’ ಎಂದು ಮುದುಕಿ ಬುದ್ಧಿ ಹೇಳಿ ಹೋದಳು. ಅವನು ಬೆಲ್ಲವನ್ನು ಬಾಯಿಗೆ ಹಾಕಿಕೊಂಡ. ಹುಣಸೂರಿನ ಹೈಸ್ಕೂಲಿನಲ್ಲಿ ಓದುವಾಗ ವಾರಾನ್ನಕ್ಕೆ ಹೋಗುತ್ತಿದ್ದ ಮನೆಯೊಂದರಲ್ಲಿ ಅವನ ಎಲೆಯನ್ನು ಬಾಗಿಲ ಹೊರಗೆ ಹಾಕುತ್ತಿದ್ದರು. ಉಂಡ ಎಲೆಯನ್ನು ಅವನೇ ಎತ್ತಬೇಕಾಗಿತ್ತು. ಈಗ ಮುತ್ತುಗದ ಎಲೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಮುದುಕ ಉಂಡು ಮರದಡಿ ಮಗ್ಗುಲಾದ. ನೀರು ಕುಡಿಯುವ ನೆಪದಲ್ಲಿ ನಂಜುಂಡಸ್ವಾಮಿ ತೊಟ್ಟಿಯ ಹತ್ತಿರ ಹೋದ. ಅಲ್ಲಿ ದೇವರಾಜು ಹೆಗಲಿಗೆ ತಣ್ಣೀರು ಎರಚಿಕೊಳ್ಳುತ್ತಿದ್ದ, ಮುಂದಿನ ಗಳುವಿನವನು, ನಲವತ್ತರ ಆಸುಪಾಸು, ಮುದುಕನ ಅಕ್ಕನ ಮಗ, ಆದರೂ ಮಿಕ್ಕವರಂತೆ ಅವನನ್ನು ಅಜ್ಜ ಎಂದೇ ಕರೆಯುವವನು. ಹೆಗಲ ಚರ್ಮ ಕಿತ್ತು ಕೆಂಪಗಾಗಿತ್ತು.

‘ಏನಯ್ಯಾ ಇದು?’

‘ಪರೀಕ್ಸೆದು ಬುದ್ಧಿ’ ಎಂದು ನಕ್ಕ ದೇವರಾಜು. ‘ಪದ ಇದ್ರೆ ಭಾರ ಎಂಟು ಹೆಗಲ್ಗೂ ಸಮ ಬತ್ತದೆ. ಪದ ಇಲ್ದೆ ಯಾರ್ ಮ್ಯಾಲೆ ಬಿತ್ತೋ ಅವ್ನು ಸತ್ತ. ಅಜ್ಜನ್ ಮಾನ ಓಯ್ತದಲ್ಲ ಅಂತ ಅಲ್ ಕಚ್ಕೊಂಡ್ ಎತ್ತುದ್ವಿ. ಒಂದ್ಸಲ ಎತ್ಬೋದು. ದಿನಾ ಎತ್ತುದ್ರೆ ಎಂಟ್ ದಿನದಾಗೆ ಒಬ್ನಾದ್ರೂ ಕಾಲ್ ಕಳ್ಕತೀವಿ.’

‘ಕಾಲು ಯಾಕೆ?’

‘ಹೊತ್ಕೊಂಡಾಗ ಕಣ್ ಕಾಣಾಕಿಲ್ಲ ಬುದ್ಧಿ. ಕತ್ತು ಬಗ್ಗಿರ್ತದೆ, ಬೆವರು ಕಣ್ಗಿಳೀತದೆ. ಬೆಳಗ್ಗೆ ಅಂಕನ್ ಎಡಗಾಲ್ ತಾವ ಗುಂಡ್ಕಲ್ ಇತ್ತು, ಅಜ್ಜ ಪದದಾಗೇ ಏಳ್ನಿಲ್ವಾ? ಪರೀಕ್ಸೆಗೆ ಬಾಯ್ ಬುಡಂಗಿಲ್ಲ ಅಂತ, ಮುಂಚೇನೆ ಓಗಿ ದಾರೀಲಿದ್ದ ಕಲ್ಲೆಲ್ಲಾ ಆಯ್ದು ಆಚ್ಗೆಸುದ್ನಲ್ಲ. ನೀವ್ ನೋಡ್ತಾನೇ ಇದ್ರಿ.’

ನೋಡುತ್ತಲೇ ಇದ್ದ. ಭೂಮಿಗೆ ನಮಸ್ಕಾರ ಎಂದುಕೊಂಡಿದ್ದ. ನಂಜುಂಡಸ್ವಾಮಿಗೆ ತನ್ನ ಮೇಲೆ ಎಂಥ ನಾಚಿಕೆಯಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಬೋಗುಣಿಯನ್ನು ಮುಖಕ್ಕೆ ಅಡ್ಡ ಹಿಡಿದು ನೀರಿಲ್ಲದಿದ್ದರೂ ಕುಡಿದ. ಇದನ್ನು ಬರೆಯಬಹುದಲ್ಲ? ಬರೆಯಬಹುದು. ಕಲ್ಲು ಆಯುವುದು, ಭಾರ ಸಮ ಬರುವುದು, ಅಂಕಯ್ಯನ ಎಡಗಾಲು. ಸೂಪರಿಂಟೆಂಡೆಂಟರು ಓದಿ, ನಶ್ಯ ಏರಿಸಿ, ‘ಅಂಕಿ ಎಲ್ಲಿ?’ ಎನ್ನುತ್ತಾರೆ. ಅಂಕಿ ಇದೆ, ಮೂರು ನಿಮಿಷ ಐವತ್ತು ಸೆಕೆಂಡು. ಅವನು ಸುತ್ತ ನೋಡಿ, ದನಿ ತಗ್ಗಿಸಿ, ದೇವರಾಜುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಇದು ಕಲಿತಿದ್ದೀರೋ ಇಲ್ಲವೋ ಎಂಬ ಪರೀಕ್ಷೆಯಲ್ಲ. ನೀವು ಚೆನ್ನಾಗಿ ಎತ್ತಿದರೆ ನಿಮ್ಮ ಅಜ್ಜ ಬೇಡವೆಂದಾಗುತ್ತದೆ.

ದೇವರಾಜು ಮರದಡಿ ಮಲಗಿದ್ದ ಮುದುಕನ ಕಡೆ ತಿರುಗಿ ನೋಡಿದ. ಹೆಗಲ ಮೇಲಿನ ನೀರು ಇಳಿದು ತೊಟ್ಟಿಗೆ ಬೀಳುತ್ತಿತ್ತು.

‘ಅಜ್ಜಂಗೆ ಏಳ್ಬ್ಯಾಡಿ’ ಎಂದ. ‘ಇನ್ನೊಂದ್ ಪರೀಕ್ಸೆ ಅದೆ ಅನ್ನಿ. ನಾವು ಮುಗ್ಗರಿಸ್ತೀವಿ, ಕೆಳಗ್ ಬುಡ್ತೀವಿ, ನೀವು ಗಡಿಯಾರ ನೋಡ್ಕಂಡು ಬರ್ಕಳಿ.’

ಇದು ಒಳ್ಳೆಯ ಉಪಾಯ ಎನಿಸಿತು. ಅವನು ಸುಳ್ಳು ಬರೆಯುವ ಹಾಗೂ ಇಲ್ಲ, ಕಂಡದ್ದನ್ನೇ ಬರೆದರಾಯಿತು. ಮಧ್ಯಾಹ್ನದ ಮೊದಲ ದಿಮ್ಮಿಗೆ ಎರಡನೆಯ ಪರೀಕ್ಷೆ ಎಂದು ಸಾರಿದ. ದೊಡ್ಡಮಾದಯ್ಯ ನಿದ್ದೆಯಿಂದ ಎದ್ದವನು ಹಿಗ್ಗಿಹೋದ. ಮತ್ತೆ ಹೊನ್ನೆ ಮರಕ್ಕೆ ಒರಗಿ ನಿಂತ. ಬಾಯಿ ತಪ್ಪಿ ಎಲ್ಲಿ ಪದ ಹೊರಗೆ ಬಂದೀತೋ ಎಂದು ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ನಂಜುಂಡಸ್ವಾಮಿ ಗುಂಡಿ ಒತ್ತಿದ. ದಿಮ್ಮಿ ಎದ್ದಿತು. ಹತ್ತು ಹೆಜ್ಜೆಗೆ ಅಂಕಯ್ಯ, ಮೊದಲೇ ಮಾತಾಡಿಕೊಂಡಿದ್ದಂತೆ, ಬಲಗಾಲನ್ನು ಒಂದಿಷ್ಟು ಜಾರಿಸಿದ. ದಿಮ್ಮಿ ಓಲಿತು. ಆ ಓಲಿಗೆ ಮರದಡಿ ನಿಂತವನ ಮುಖ ನೋಡಬೇಕಾಗಿತ್ತು. ಅಂಕಯ್ಯ ಬಗ್ಗಿದ ಕತ್ತನ್ನು ಓರೆ ಮಾಡಿ ನೋಡಿದ. ನೋಡಬಾರದಾಗಿತ್ತು. ಟವೆಲು ಕಚ್ಚಿಕೊಂಡ ಆ ಬಾಯಿ, ನೀರು ತುಂಬಿದ ಆ ಕಣ್ಣು, ಮಗ ಮುಗ್ಗರಿಸಿದಾಗ ತಾನೇ ಬಿದ್ದವನಂತೆ ಕುಸಿದ ಆ ಭುಜ. ಅಂಕಯ್ಯನ ಬಲಗಾಲು ತಾನಾಗಿ ನೆಟ್ಟಗಾಯಿತು. ದೇವರಾಜುವಿನ ದವಡೆ ಬಿಗಿಯಿತು. ಬೇಕೆಂದು ಕೆಟ್ಟದಾಗಿ ಎತ್ತುವುದು ಆ ಎಂಟು ಜನಕ್ಕೆ ಆ ಮುದುಕನ ಎದುರಿಗೆ ಸಾಧ್ಯವಾಗಲಿಲ್ಲ. ಅವರು ಆ ಮತ್ತಿ ದಿಮ್ಮಿಯನ್ನು ದೇವರನ್ನು ಹೊತ್ತ ಹಾಗೆ ಹೊತ್ತು, ಹಲಗೆ ಏರಿ, ಸದ್ದಾಗದಂತೆ ಗಾಡಿಯ ಮೇಲೆ ಇಳಿಸಿ, ತಲೆ ತಗ್ಗಿಸಿ ನಿಂತರು.

ಮೂರು ನಿಮಿಷ ನಲವತ್ತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮುದುಕ ಟವೆಲು ಕಿತ್ತುಕೊಂಡು ಬರುತ್ತಿದ್ದ. ನಂಜುಂಡಸ್ವಾಮಿಗೆ ಲೆಕ್ಕವೆಂದರೆ ಚಿಕ್ಕಂದಿನಿಂದಲೂ ಒಂದು ಅಡಗುತಾಣ. ಮನೆಯಲ್ಲಿ ಅಪ್ಪ ಕೂಗಾಡಿದರೆ ಮಗ್ಗಿ ಹೇಳಿಕೊಳ್ಳುತ್ತಿದ್ದ. ಹದಿನಾಲ್ಕಾರಲು ಎಂಬತ್ತನಾಲ್ಕು ಎಂದರೆ ಅದನ್ನು ಯಾರೂ ಕೂಗಾಡಿ ಬದಲಾಯಿಸಲಾರರು. ಶಾಲೆಯಲ್ಲಿ, ಕಚೇರಿಯಲ್ಲಿ, ಅವನ ಅಂಕಿಯನ್ನು ಯಾರೂ ಎರಡನೆಯ ಸಲ ತಾಳೆ ನೋಡಿದ್ದಿಲ್ಲ. ಅವನಿಗೆ ಇದ್ದ ಆಸ್ತಿ ಅದೊಂದೇ. ‘ಅಂಗಂದ್ರೆ?’ ಎಂದು ಕೇಳಿದ ಚಿಕ್ಕಸಿದ್ದಮ್ಮ ಅವನ ಕಣ್ಣಲ್ಲಿ ಇನ್ನೂ ಬಸ್ಸಿನ ಬಾಗಿಲ ಹತ್ತಿರ ನಿಂತೇ ಇದ್ದಳು.

‘ಹನ್ನೊಂದು ನಿಮಿಷ’ ಎಂದ.

ದೇವರಾಜು ತಟ್ಟನೆ ತಲೆ ಎತ್ತಿದ. ಮುದುಕ ನಕ್ಕ. ಸಾಹೇಬರು ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಗೌರವಕ್ಕೆ ನಕ್ಕ ನಗು.

‘ಎಷ್ಟಂದ್ರಿ?’

‘ಹನ್ನೊಂದು ನಿಮಿಷ ಮಾದಯ್ಯ. ನೀನು ಕೂಗಿದರೆ ನಾಲ್ಕೂಕಾಲು, ಕೂಗದಿದ್ದರೆ ಹನ್ನೊಂದು. ಬೆಳಗಿನದು ಗಡಿಯಾರದ ತಪ್ಪು.’

‘ಅನ್ನೊಂದಾ?’ ಮುದುಕನ ನಗು ಇಳಿಯಿತು. ‘ನಮ್ ಐಕ್ಳಾ? ಬುದ್ಧಿ, ನಾನ್ ಒಳಗೊಳ್ಗೇ ಪದ ಏಳ್ಕತಿದ್ದೆ. ಮೂವತ್ತೆಂಟ್ನೇ ಐಸಕ್ಕೆ ಗಾಡಿ ಮ್ಯಾಲೆ ಕೂತ್ಕತು. ಬೆಳಗ್ಗೆ ಮೂವತ್ತೊಂಬತ್ತಾಗಿತ್ತು. ಬೆಳಗ್ಗೆ ನಾಕು ಆದ್ರೆ ಈಗ್ಲೂ ನಾಕೇಯ, ಇನ್ನೊಂದ್ ಚೂರ್ ಕಮ್ಮಿನೇಯ. ಅನ್ನೊಂದ್ ಎಲ್ಲಿಂದ್ ಬಂತು?’

ಬೆರಗಾಯಿತು ನಂಜುಂಡಸ್ವಾಮಿಗೆ. ಇಷ್ಟು ಸರಿಯಾದ ಗಡಿಯಾರವನ್ನು ಸರ್ಕಾರ ಅವನಿಗೆ ಕೊಟ್ಟಿರಲಿಲ್ಲ. ‘ಮುಳ್ಳು ಹಾಗೆ ಹೇಳುತ್ತೆ’ ಎಂದ ಸಣ್ಣ ದನಿಯಲ್ಲಿ.

‘ಮುಳ್ ತೋರ್ಸಿ ಮತ್ತೆ.’

ನಂಜುಂಡಸ್ವಾಮಿಯ ಹೆಬ್ಬೆರಳು ಮೂರನೆಯ ಸಲ ಗುಂಡಿ ಒತ್ತಿತು. ಮುಳ್ಳು ಸುರ್ರೆಂದು ಮೊದಲಿನ ಜಾಗಕ್ಕೆ ಹೋಗಿ ಕೂತಿತು. ‘ಅಳಿಸಿಹೋಯ್ತು’ ಎಂದ. ಕದ್ದು ಸಿಕ್ಕಿಬಿದ್ದವನ ಹಾಗೆ ಬೆವರುತ್ತಿದ್ದ.

‘ಬುಡಜ್ಜ’ ಎಂದು ದೇವರಾಜು ನಡುವೆ ಬಂದ, ‘ಬುದ್ಧಿಯೋರು ನೋಡವ್ರೆ. ನಾವೇ ನಿಧಾನ ಮಾಡುದ್ವಿ.’

‘ಮುಚ್ಲಾ ಬಾಯಿ! ನಿಂಗೆ ನಾಚ್ಕೆ ಆಗಾಕಿಲ್ವಾ? ಅನ್ನೊಂದ್ ನಿಮಿಸದಾಗೆ ನಮ್ ಪುಟ್ಟಸಿದ್ದಿ ಒಬ್ಳೇ ಒತ್ಕೊಂಡ್ ಓಯ್ತಳೆ ಅದ್ನ!’ ಮುದುಕ ನಂಜುಂಡಸ್ವಾಮಿಯ ಕಡೆ ತಿರುಗಿದ. ‘ಬುದ್ಧಿ, ತೆಪ್ಪು ಬರೀಬ್ಯಾಡಿ. ನಂದೇನಾರ ಆಗ್ಲಿ, ಐಕ್ಳು ಮೈಗಳ್ರು ಅಂತ ಮೈಸೂರ್ಗೆಲ್ಲಾ ಗೊತ್ತಾಯ್ತದೆ. ಇನ್ನೊಂದ್ಸಲ ಎತ್ತುಸ್ತೀನಿ, ನೀವು ಸಂದಾಗಿ ನೋಡಿ.’

‘ಬೇಡಿ. ಹೊತ್ತಾಯ್ತು. ನೀವು ಸುಮ್ಮನಿರಿ’ ಎಂದ ನಂಜುಂಡಸ್ವಾಮಿ. ಮುದುಕನನ್ನು ಬಹುವಚನದಲ್ಲಿ ಕರೆದದ್ದು ಅವನಿಗೇ ಆಮೇಲೆ ಗೊತ್ತಾಯಿತು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಅಂಕಿಯನ್ನು ರಬ್ಬರಿನಿಂದ ಉಜ್ಜಿ, ಶಾಯಿಯಲ್ಲಿ ಹನ್ನೊಂದು ಎಂದು ಬರೆದ. ಕಡಿತಕ್ಕೆ ಅವಕಾಶವಿಲ್ಲ ಎಂದೂ ಬರೆದ. ಬದುಕಿನಲ್ಲಿ ಮೊದಲ ಸಲ ಬರೆದ ಸುಳ್ಳು ಅಂಕಿ. ಅಕ್ಷರ ಮಾತ್ರ ಎಂದಿನಷ್ಟೇ ದುಂಡಗಿತ್ತು. ಈ ವರದಿಯಲ್ಲಿ ಇಳಿದ ತಲೆ ಇಲ್ಲ. ಇಳಿಸಬೇಕಾದ ತಲೆ ಯಾವುದೆಂದು ಸೂಪರಿಂಟೆಂಡೆಂಟರಿಗೆ ಗೊತ್ತಾಗುತ್ತದೆ. ಸುನಂದಮ್ಮನಿಗೆ ಏನು ಹೇಳುವುದು? ಹೇಳಬೇಕು, ಬರುವ ಭಾನುವಾರವೇ ಹೋಗಿ ಹೇಳಿಬಿಡಬೇಕು. ಹೆದರಿಕೆಯಾಗುತ್ತಿತ್ತು. ಆದರೂ ಮೈ ಹಗುರವಾಗಿತ್ತು, ಜ್ವರ ಬಿಟ್ಟ ಮಾರನೆಯ ದಿನದ ಹಾಗೆ. ದೊಡ್ಡಮಾದಯ್ಯ ಅವನ ಕಡೆ ನೋಡದೆ, ‘ಇಷ್ಟ್ ಓದಿ ಏನ್ ಬಂತು, ಮೂವತ್ತೆಂಟ್ ಎಣಿಸಾಕ್ ಬರಾಕಿಲ್ಲ’ ಎಂದು ಎತ್ತುಗಳಿಗೆ ಹೇಳಿ ಹೊರಟುಹೋದ. ಇಪ್ಪತ್ತೆಂಟು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಅಂದಿರಲಿಲ್ಲ. ಚುರುಕ್ ಎಂದಿತು. ಅಂಕಯ್ಯ ಮುಖ ತಿರುಗಿಸಿಕೊಂಡು ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

ಸಂಜೆ ಅಂತರಸಂತೆಯ ಕಡೆ ಹೋಗುವ ಗಾಡಿಯಲ್ಲಿ ದಿಮ್ಮಿಗಳ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು. ಏಳು ಜನ ಬಂದು ಕೈ ಮುಗಿದರು. ಮುದುಕ ಬರಲಿಲ್ಲ. ಗಾಡಿ ಒಂದು ಫರ್ಲಾಂಗು ಹೋದ ಮೇಲೆ ಹಿಂದಿನಿಂದ ದೇವರಾಜು ಓಡಿಬಂದ, ಏದುಸಿರು ಬಿಡುತ್ತ ಗಾಡಿಯ ಪಕ್ಕ ನಡೆಯತೊಡಗಿದ.

‘ಅಜ್ಜ ಏಳ್ ಕಳ್ಸವ್ನೆ’ ಎಂದ.

‘ಇನ್ನೂ ಸಿಟ್ಟಾ?’

‘ಸಿಟ್ಟಿಳೀತು ಬುದ್ಧಿ. ಈಗ ನಿಮ್ಮುನ್ನ ನೆನುಸ್ಕೊಂಡು ಅಯ್ಯೋ ಅಂತಾವ್ನೆ.’ ದೇವರಾಜು ನೆಲ ನೋಡುತ್ತ ಹೇಳಿದ. ‘ಎಲ್ಲಾ ಕಡೆ ಜನಾನ ಕೆಲ್ಸದಿಂದ ತಗೀತಾವ್ರಂತೆ. ನಾಕಕ್ಕೂ ಅನ್ನೊಂದಕ್ಕೂ ವೆತ್ಯಾಸ ತಿಳೀದೋರ್ನ ಎಷ್ಟ್ ದಿನ ಮಡೀಕಂಡಾರು, ಮನೇಲಿ ಎಂಡ್ತಿ ಬೇರೆ ಬಸುರಿ, ಅಂತ. ಅಂಗೇನಾರ ಆದ್ರೆ ಸಂಕೋಚ ಪಡ್ದಂಗೆ ಇಲ್ಗೆ ಬಂದ್ಬುಡಕ್ ಏಳು ಅಂದ. ಕೂಗೋದು ಕಲಿಸ್ತನಂತೆ. ಕಲಿಯೋಗಂಟ ತನ್ ಕೂಲೀಲಿ ಅರ್ಧ ನಿಮ್ಗೆ ಕೊಡ್ತನಂತೆ.’

ನಂಜುಂಡಸ್ವಾಮಿ ನಗಲು ಬಾಯಿ ತೆರೆದ. ನಗು ಬರಲಿಲ್ಲ. ‘ನೀನು ಏನಂದೆ?’ ಎಂದ.

‘ಕೇಳ್ಕೊಂಡ್ ಬತ್ತೀನಿ ಅಂದೆ. ಉತ್ರಕ್ಕೆ ಕಾಯ್ತಾ ಕೂತವ್ನೆ. ಏನ್ ಏಳ್ಲಿ?’

‘ಬರ್ತೀನಿ ಅಂತ ಹೇಳು.’

ದೇವರಾಜು ಅವನ ಮುಖವನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಡಿಪೋದ ಕಡೆ ತಿರುಗಿ ಹೊರಟ. ನಂಜುಂಡಸ್ವಾಮಿ ದಿಮ್ಮಿಯ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತು, ಅವನು ತಿರುವಿನಲ್ಲಿ ಮರೆಯಾಗುವವರೆಗೂ ಕಣ್ಣು ಒರೆಸಿಕೊಳ್ಳಲಿಲ್ಲ.